ಸಿಡಿ ಇಳಿದ ರನ್‌ನಲ್ಲೇ ಹಿಂದಿನ ಲಿಫ್ಟ್ ಏರಿತ್ತು

ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ವಿಂಡ್ ಟನಲ್‌ನಲ್ಲಿ ಶಿಫ್ಟ್ ಮುಗಿಯುವ ಹೊತ್ತು. ಏರ್ ಡ್ಯಾಮ್ (ಮುಂದಿನ ಬಂಪರ್ ಅಡಿಯ ಗಾಳಿತಡೆ) ಇನ್ನಷ್ಟು ಕೆಳಗಿಳಿಸಿದ ರನ್‌ನಲ್ಲಿ ಸಿಡಿ, ಅಂದರೆ ಡ್ರ್ಯಾಗ್ (ಗಾಳಿಯ ಎಳೆತ) ಗುಣಾಂಕ, ಟಾರ್ಗೆಟ್ ಮುಟ್ಟಿತು. ಪ್ರೋಗ್ರಾಮ್ ಕಡೆಯವರು ಆಗಲೇ 'ಫ್ರೀಜ್ ಮಾಡಿ' (ವಿನ್ಯಾಸ ಇಲ್ಲಿಗೇ ಅಂತಿಮಗೊಳಿಸಿ) ಅಂದರು. ಫಲಿತಾಂಶದ ಅದೇ ಸಾಲಿನಲ್ಲಿ ಸಿಎಲ್‌ಆರ್, ಅಂದರೆ ಕಾರಿನ ಹಿಂಭಾಗವನ್ನು ಮೇಲೆತ್ತುವ ಲಿಫ್ಟಿನ ಗುಣಾಂಕ, ಏರಿತ್ತು. ಮ್ಯಾನೇಜ್‌ಮೆಂಟಿಗೆ ಹೋದ ಸ್ಲೈಡಿನಲ್ಲಿ ಆ ಕಾಲಂ ಇರಲೇ ಇಲ್ಲ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಏರ್ ಡ್ಯಾಮ್ ಒರಟು ತಳಕ್ಕೆ ಬಡಿಯುವ ಗಾಳಿಯನ್ನು ತಡೆಯುತ್ತದೆ, ಡ್ರ್ಯಾಗ್ ಇಳಿಯುತ್ತದೆ. ಅದರ ಬೆನ್ನಿಗೆ ಒತ್ತಡ ಕುಸಿಯುವುದರಿಂದ ಮುಂದಿನ ಲಿಫ್ಟೂ ಇಳಿಯುತ್ತದೆ. ಆದರೆ ಹಿಂದಿನ ಡಿಫ್ಯೂಸರ್‌ಗೆ (ತಳದ ಹಿಂತುದಿಯಲ್ಲಿ ಮೇಲಕ್ಕೇರುವ ಭಾಗ) ಸಿಗಬೇಕಾದ ಹರಿವು ಸೊರಗುತ್ತದೆ. ಮುಂದೆ ಹಿಡಿತ ಹೆಚ್ಚಿ ಹಿಂದೆ ಹಗುರಾದ ಕಾರು ವೇಗದ ಲೇನ್ ಚೇಂಜ್‌ನಲ್ಲಿ ಬಾಲ ಬೀಸುತ್ತದೆ. 1998ರಲ್ಲಿ ಬಂದ ಮೊದಲ ಆಡಿ ಟಿಟಿಗೆ ಅತಿವೇಗದ ಅಪಘಾತಗಳಾದ ಮೇಲೆ ಹಿಂದಿನ ಸ್ಪಾಯ್ಲರ್, ಇಎಸ್‌ಪಿ (ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಸೇರಿಸಿ ಸಸ್ಪೆನ್ಷನ್ ಬದಲಿಸಬೇಕಾಯಿತು.

2.2 ಚದರ ಮೀಟರ್ ಮುಖವಿಸ್ತೀರ್ಣದ ಕಾರಿಗೆ 0.10 ಸಿಎಲ್ (ಲಿಫ್ಟ್ ಗುಣಾಂಕ) ಅಂದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸುಮಾರು 100 ನ್ಯೂಟನ್; 200ರಲ್ಲಿ 400. ನಗರದ ವೇಗದಲ್ಲಿ ಇದು ಯಾರ ಅರಿವಿಗೂ ಬರುವುದಿಲ್ಲ, ಹಾಗಾಗಿಯೇ ಸಭೆಗಳಲ್ಲಿ ಇದಕ್ಕೆ ಬೆಲೆಯಿಲ್ಲ.

ಹಿಂದಿನ ಲಿಪ್ (ಬೂಟ್ ತುದಿಯ ಸ್ಪಾಯ್ಲರ್ ಅಂಚು) ಎತ್ತರವನ್ನು 5 ಮಿ.ಮೀ. ಹೆಜ್ಜೆಯಲ್ಲಿ ಏರಿಸಿ ನೋಡಿ. ಅನೇಕ ಬಾಡಿಗಳಲ್ಲಿ ಮೊದಮೊದಲು ಡ್ರ್ಯಾಗ್, ಲಿಫ್ಟ್ ಎರಡೂ ಇಳಿಯುತ್ತವೆ. ಒಂದು ಹಂತ ದಾಟಿದ ಮೇಲೆ ಲಿಫ್ಟ್ ಇಳಿಯುತ್ತಲೇ ಇದ್ದರೂ ಡ್ರ್ಯಾಗ್ ಏರತೊಡಗುತ್ತದೆ. ಆ ತಿರುವಿನ ಆಸುಪಾಸಿನಲ್ಲೇ ಕೆಲಸ. ಇಲ್ಲಿ ಕ್ಲೇ ಮಾಡೆಲ್‌ನ (ಜೇಡಿಮಣ್ಣಿನ ಮಾದರಿ) ಚೂಪು ಅಂಚನ್ನು ನಂಬಬೇಡಿ. ಟೂಲಿಂಗ್‌ನವರು (ಅಚ್ಚು ಮಾಡುವವರು) ಅಂಚಿನ ರೇಡಿಯಸ್ ದೊಡ್ಡದು ಮಾಡಿ ದುಂಡಗಾಗಿಸಿದರೆ ಗಾಳಿ ಬೇರ್ಪಡುವ ಜಾಗವೇ ಸರಿಯುತ್ತದೆ, ಟನಲ್‌ನಲ್ಲಿ ಗಳಿಸಿದ್ದು ಕೈಜಾರುತ್ತದೆ.

ಲಿವರ್ (ಸನ್ನೆಗೋಲು) ಲೆಕ್ಕವನ್ನೂ ಮರೆಯಬಾರದು. ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ಅಂತರ) 2.6 ಮೀಟರ್, ಲಿಪ್ ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದೆ ಇದೆ ಅನ್ನಿ. ಅಲ್ಲಿ 100 ನ್ಯೂಟನ್ ಕೆಳಗೆ ಒತ್ತಿದರೆ ಹಿಂದಿನ ಆಕ್ಸಲ್‌ಗೆ 138 ಸಿಗುತ್ತದೆ, ಮುಂದಿನದು 38 ಕಳೆದುಕೊಳ್ಳುತ್ತದೆ. ಅದಕ್ಕೇ ಮುಂದು-ಹಿಂದು ಒಟ್ಟಿಗೆ ಟ್ಯೂನ್ ಆಗಬೇಕು.

ನೆಲ ಚಲಿಸದೆ, ಚಕ್ರ ತಿರುಗದೆ ಅಳೆದ ಲಿಫ್ಟ್ ಅಂಕಿ ಇಟ್ಟುಕೊಂಡು ಫ್ರೀಜ್‌ಗೆ ಸಹಿ ಬೇಡ. ಬೂಟ್ ತುಂಬಿ ಹಿಂಭಾಗ ಕುಗ್ಗಿದ ರೈಡ್ ಹೈಟ್‌ನಲ್ಲೂ, ಅಡ್ಡಗಾಳಿಗೆ 5 ಡಿಗ್ರಿ ಯಾ (ಗಾಳಿಗೆ ಕಾರು ಓರೆಯಾಗಿರುವ ಕೋನ) ಇಟ್ಟೂ ಓಡಿಸಿ. ಕೊನೆಗೆ ಬೇಸ್‌ಲೈನ್ (ಬದಲಾವಣೆಗೆ ಮುಂಚಿನ ಮೂಲ ರೂಪ) ಮತ್ತೊಮ್ಮೆ ಓಡಿಸಿ. ಅದರ ಅಂಕಿಯೇ ಕೆಲವು ಕೌಂಟ್ (ಒಂದು ಕೌಂಟ್ ಅಂದರೆ ಗುಣಾಂಕದಲ್ಲಿ 0.001) ಸರಿದಿದ್ದರೆ ಆ ಶಿಫ್ಟಿನ ಸಣ್ಣಪುಟ್ಟ ಲಾಭಗಳನ್ನು ವರದಿಗೆ ಸೇರಿಸಬೇಡಿ.