ಎಲ್ಬೋ ಕೇಳುವ ಕೆಲಸ: ಏಳನೇ ವಾರದ ತನಕ

ಹತ್ತು ಆಲ್ಬಂ, ಹತ್ತು ವಾರ. ಎಲ್ಬೋ ಅನ್ನುವ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಸ್ಟುಡಿಯೋ ಆಲ್ಬಂಗಳನ್ನೆಲ್ಲ ಬಂದ ಕ್ರಮದಲ್ಲೇ ಕೇಳಬೇಕು ಅಂತ ಕೂತಿದ್ದೇನೆ. ಏಳು ಮುಗಿದಿವೆ. ನೋಟ್‌ಬುಕ್ಕಿನಲ್ಲಿ 40 ಪುಟ ತುಂಬಿದೆ.

ಒಂದು ಆಲ್ಬಂ ವಾರಕ್ಕೆ ಮೂರು ಸಲ. ಮೊದಲ ಸಲ ಸುಮ್ನೆ ಕೇಳುವುದು. ಎರಡನೇ ಸಲ ಪೆನ್ಸಿಲ್ ಹಿಡಿದು. ಮೂರನೇ ಸಲ ಒಂದೇ ವಾದ್ಯದ ಬೆನ್ನು ಹತ್ತುವುದು. ನಾನು ಡ್ರಮ್ಸ್ ಆರಿಸಿಕೊಂಡೆ. ಯಾವ ಹಾಡನ್ನೂ ಹಾರಿಸುವ ಹಾಗಿಲ್ಲ.

ಯಾಕೆ ಇಷ್ಟೆಲ್ಲ ಅಂದರೆ, ತುಂಬ ಜನರ ಹಾಗೆ ನನಗೂ ಎಲ್ಬೋ ಅಂದರೆ 'ಒನ್ ಡೇ ಲೈಕ್ ದಿಸ್' ಒಂದೇ ಆಗಿತ್ತು. 2012ರ ಲಂಡನ್ ಒಲಿಂಪಿಕ್ಸ್ ಮುಗಿಯುವ ದಿನ ಅವರು ಆ ಹಾಡನ್ನೂ ಹಾಡಿದ್ದರು. 2008ರಲ್ಲಿ ಬಂದಾಗ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 35ಕ್ಕೆ ನಿಂತಿದ್ದ ಹಾಡು, ಒಲಿಂಪಿಕ್ಸ್ ಆದ ಮೇಲೆ 4ಕ್ಕೆ ಏರಿತು. ಕೈ ಎತ್ತಿ ಎಲ್ಲರೂ ಹಾಡುವ, ಮನಸ್ಸು ಬೆಚ್ಚಗಾಗುವ ಬ್ಯಾಂಡ್ ಅನ್ನುವ ಹೆಸರು ಅಲ್ಲಿಂದ ಗಟ್ಟಿಯಾಯಿತು. ಆ ಹೆಸರು ಅರ್ಧ ಮಾತ್ರ ನಿಜ ಅಂತ ಮೊದಲ ವಾರವೇ ಗೊತ್ತಾಯಿತು.

ಮೊದಲ ಆಲ್ಬಂ 'ಅಸ್ಲೀಪ್ ಇನ್ ದ ಬ್ಯಾಕ್' ಬಂದಿದ್ದು 2001ರಲ್ಲಿ. ಕತ್ತಲೆ ತುಂಬಿದ, ನಿಧಾನದ ಹಾಡುಗಳು. 'ಎನಿ ಡೇ ನೌ' ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ, ಊರು ಬಿಟ್ಟು ಹೋಗುವ ಮಾತು. ಅದು ಯಾಕೆ ಅಷ್ಟು ಭಾರವಾಗಿದೆ ಅಂತ ಅವರ ಹಿಂದಿನ ಕತೆ ಓದಿದಾಗ ಅರ್ಥವಾಯಿತು. ಗಾಯಕ ಗೈ ಗಾರ್ವಿ, ಗಿಟಾರಿನ ಮಾರ್ಕ್ ಪಾಟರ್ ಭೇಟಿಯಾಗಿದ್ದು 1990ರಲ್ಲಿ, ಮ್ಯಾಂಚೆಸ್ಟರ್ ಹತ್ತಿರದ ಬೆರಿ ಊರಿನ ಕಾಲೇಜಿನಲ್ಲಿ. ಮಾರ್ಕನ ಒಡಹುಟ್ಟಿದ ಕ್ರೇಗ್ ಕೀಬೋರ್ಡಿಗೆ, ಪೀಟ್ ಟರ್ನರ್ ಬೇಸ್ ಗಿಟಾರಿಗೆ, ರಿಚರ್ಡ್ ಜಪ್ ಡ್ರಮ್ಸಿಗೆ. ಐಲ್ಯಾಂಡ್ ಅನ್ನುವ ರೆಕಾರ್ಡ್ ಕಂಪನಿಗಾಗಿ ಒಂದು ಆಲ್ಬಂ ರೆಕಾರ್ಡ್ ಮಾಡಿದರು. ಅಷ್ಟರಲ್ಲಿ ಕಂಪನಿ ದೊಡ್ಡ ಒಡೆಯರ ಕೈಗೆ ಹೋಯಿತು, ಇವರನ್ನು ಬಿಟ್ಟರು. ಅಂತೂ ಮೊದಲ ಆಲ್ಬಂ ಅಂಗಡಿಗೆ ಬರಲು 11 ವರ್ಷ ಬೇಕಾಯಿತು. ಐವರೂ ಜೊತೆಯಲ್ಲೇ ಇದ್ದರು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ.

ಎರಡನೇ ವಾರ 'ಕಾಸ್ಟ್ ಆಫ್ ಥೌಸಂಡ್ಸ್'. 2002ರ ಗ್ಲಾಸ್ಟನ್‌ಬರಿ ಉತ್ಸವದ ಜನರ ಕೋರಸ್ಸು 'ಗ್ರೇಸ್ ಅಂಡರ್ ಪ್ರೆಶರ್' ಹಾಡಿನಲ್ಲಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ಮೈ ಜುಮ್ ಅನ್ನುತ್ತದೆ. ಮೂರನೇ ವಾರದ 'ಲೀಡರ್ಸ್ ಆಫ್ ದ ಫ್ರೀ ವರ್ಲ್ಡ್' ನನಗೆ ಅಷ್ಟು ಹಿಡಿಸಲಿಲ್ಲ. ಒಂದು ಹಾಡನ್ನು ಮಾತ್ರ ಮತ್ತೆ ಮತ್ತೆ ಹಾಕಿದೆ.

ನಾಲ್ಕನೇ ವಾರ ಎರಡು ವಾರವಾಯಿತು. 'ದ ಸೆಲ್ಡಮ್ ಸೀನ್ ಕಿಡ್' ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ. ಮೊದಲ ಹಾಡು 'ಸ್ಟಾರ್ಲಿಂಗ್ಸ್' ಬಹಳ ಮೆಲ್ಲಗೆ ಶುರುವಾಗುತ್ತದೆ. ಕೇಳುತ್ತಿಲ್ಲವಲ್ಲ ಅಂತ ರಾತ್ರಿ ಸ್ಪೀಕರ್ ದನಿ ಏರಿಸಿದೆ. ಆಗ ತುತ್ತೂರಿಗಳು ಒಮ್ಮೆಲೇ ಅಬ್ಬರಿಸಿದವು. ಮಲಗಿದ್ದ ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು. ಉಳಿದ ಹಾಡುಗಳನ್ನು ಇಬ್ಬರೂ ಸೇರಿ ಕೇಳಿದೆವು.

ಈ ಆಲ್ಬಂ ಅನ್ನು ಅವರೇ ಮಾಡಿಕೊಂಡಿದ್ದು, ಸಾಲ್ಫರ್ಡ್‌ನ ಬ್ಲೂಪ್ರಿಂಟ್ ಸ್ಟುಡಿಯೋದಲ್ಲಿ. ಹೊರಗಿನ ದೊಡ್ಡ ನಿರ್ಮಾಪಕರಿಲ್ಲ, ಆ ಕೆಲಸ ಕ್ರೇಗ್ ಪಾಟರನದು. 2006ರಲ್ಲಿ ತೀರಿಕೊಂಡ ಗೆಳೆಯ, ಮ್ಯಾಂಚೆಸ್ಟರ್ ಗಾಯಕ ಬ್ರಯನ್ ಗ್ಲ್ಯಾನ್ಸಿಗೆ ಇದು ಅರ್ಪಣೆ. ಕೊನೆಯ ಹೊತ್ತಿಗೆ ಬರುವ 'ಫ್ರೆಂಡ್ ಆಫ್ ಅವರ್ಸ್' ಅವನ ಹಾಡು. ಎಲ್ಲರೂ ಕುಣಿಯುವ 'ಒನ್ ಡೇ ಲೈಕ್ ದಿಸ್' ಅದಕ್ಕಿಂತ ಸ್ವಲ್ಪ ಮುಂಚೆ ಇದೆ. ಕ್ರಮವಾಗಿ ಕೇಳಿದರೆ ಅದು ಬರೀ ಖುಷಿಯ ಹಾಡಲ್ಲ. ಅಷ್ಟು ದುಃಖ ದಾಟಿ ಬಂದವರಿಗೆ ಸಿಕ್ಕ ಒಂದು ಬೆಳಗು ಅದು. ಬಿಡಿಯಾಗಿ ಕೇಳಿದವರಿಗೆ ಇದು ಸಿಗುವುದಿಲ್ಲ ಅಲ್ವಾ?

ವರ್ಷದ ಅತ್ಯುತ್ತಮ ಆಲ್ಬಂಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಬಹುಮಾನ 2008ರಲ್ಲಿ ಇದಕ್ಕೇ ಬಂತು. ಸ್ಪರ್ಧೆಯ ಪಟ್ಟಿಯಲ್ಲಿ ಹೆಸರಾಂತ ಬ್ಯಾಂಡ್ ರೇಡಿಯೋಹೆಡ್ ಕೂಡ ಇತ್ತು. 2009ರಲ್ಲಿ ಬ್ರಿಟ್ ಪ್ರಶಸ್ತಿಯೂ ಸಿಕ್ಕಿತು, ಬ್ರಿಟನ್ನಿನ ಅತ್ಯುತ್ತಮ ತಂಡ ಅಂತ. ಸೇರಿ ನುಡಿಸಲು ಶುರು ಮಾಡಿ ಹತ್ತೊಂಬತ್ತು ವರ್ಷ ಆಗಿತ್ತು.

'ಬಿಲ್ಡ್ ಎ ರಾಕೆಟ್ ಬಾಯ್ಸ್' (2011) ಬಗ್ಗೆ ಒಂದೇ ಮಾತು. 'ಲಿಪ್ಪಿ ಕಿಡ್ಸ್' ಬೀದಿಯಲ್ಲಿ ನಿಲ್ಲುವ ಹುಡುಗರನ್ನು ಬೈಯುವ ಹಾಡಲ್ಲ, ಪ್ರೀತಿಯಿಂದ ನೋಡುವ ಹಾಡು. ಪಿಯಾನೋ ಒಂದೇ ಸ್ವರವನ್ನು ತಟ್ಟುತ್ತ ಹೋಗುತ್ತದೆ, ಮೇಲೆ ಒಂದು ಸಿಳ್ಳೆ. ಮುಂದಿನದು, 2014ರದ್ದು, ಅವರ ಮೊದಲ ನಂಬರ್ 1 ಆಲ್ಬಂ.

ಏಳನೇ ವಾರ ಕಷ್ಟವಾಯಿತು. ಡ್ರಮ್ಸ್ ನುಡಿಸುತ್ತಿದ್ದ ಜಪ್ 2016ರಲ್ಲಿ ಬ್ಯಾಂಡ್ ಬಿಟ್ಟರು. ಆರು ಆಲ್ಬಂ ಅವರ ಕೈಯನ್ನೇ ಹಿಂಬಾಲಿಸಿದ ನನ್ನ ಕಿವಿ 2017ರ 'ಲಿಟಲ್ ಫಿಕ್ಷನ್ಸ್'ನಲ್ಲಿ ಅದೇ ಕೈಯನ್ನು ಹುಡುಕುತ್ತಿತ್ತು. ತಾಳ ಈಗ ಜಾಸ್ತಿ ಮುಂದೆ ಬಂದಿದೆ, ಸುತ್ತುತ್ತಲೇ ಇರುತ್ತದೆ. ಚೆನ್ನಾಗಿದೆ. ಆದರೂ ಆ ಪುಟದಲ್ಲಿ ನಾಲ್ಕೇ ಸಾಲು ಬರೆದಿದ್ದೇನೆ.

ಉಳಿದದ್ದು ಮೂರು: 2019, 2021, 2024ರ ಆಲ್ಬಂಗಳು. ಇನ್ನು ಮೂರನೇ ಸಲಕ್ಕೆ ಡ್ರಮ್ಸ್ ಬದಲು ಪೀಟ್ ಟರ್ನರ್ ಅವರ ಬೇಸ್. ಅದು ಸ್ಪೀಕರಿನಲ್ಲಿ ಸರಿಯಾಗಿ ಕೇಳುವುದಿಲ್ಲ, ಹೆಡ್‌ಫೋನೇ ಬೇಕು. ಮಗಳೂ ತನಗೊಂದು ಹೆಡ್‌ಫೋನ್ ಬೇಕು ಅಂದಿದ್ದಾಳೆ.