ಒಣ ಮೋರಿಯಲ್ಲಿ 7 ಸೆಂಟಿಮೀಟರ್ ನೀರು

ಅಂತೂ ಸಿಕ್ಕಿತು! ಮೂರು ವಾರದಿಂದ ತಲೆ ತಿನ್ನುತ್ತಿದ್ದ ತಪ್ಪು ಕೊನೆಗೂ ಕೈಗೆ ಸಿಕ್ಕಿದೆ.

ಬೀದಿಯ ತಗ್ಗಿನ ತುದಿಯಲ್ಲಿ, ನೆರೆ ಬಂದರೆ ಎಚ್ಚರಿಸಲಿ ಅಂತ ಮೋರಿಯ ಮೇಲೆ ನೀರಿನ ಮಟ್ಟ ಅಳೆಯುವ ಡಬ್ಬಿ ಕೂರಿಸಿದ್ದೇನೆ, ಅದರ ಕಥೆ ಇದು. ಸುಡುವ ಮಧ್ಯಾಹ್ನ, ಒಂದು ಹನಿ ಮಳೆ ಇಲ್ಲ, ಮೋರಿಯ ಕೆಸರು ಒಣಗಿ ಬಿರುಕು ಬಿಟ್ಟಿದೆ. ಆದರೂ ಡಬ್ಬಿ ‘ನೀರು 7 ಸೆಂಟಿಮೀಟರ್ ಏರಿದೆ’ ಅಂತ ಎಲ್ಲರ ಮೊಬೈಲಿಗೂ ಸಂದೇಶ ಕಳಿಸುತ್ತಿತ್ತು. ಸಂಜೆ ತಂಪಾದ ಹಾಗೆ ಆ ನೀರು ತಾನಾಗಿಯೇ ಇಳಿಯುತ್ತಿತ್ತು.

ಒಂದು ದಿನ ತಗ್ಗಿನ ಮನೆಯ ಅಜ್ಜಿ ಆ ಸಂದೇಶ ನಂಬಿ, ಉರಿಬಿಸಿಲಲ್ಲಿ ಒಬ್ಬರೇ ಹಾಸಿಗೆ, ಟ್ರಂಕು, ಮಾತ್ರೆ ಡಬ್ಬ ಎಲ್ಲ ಮಂಚದ ಮೇಲೆ ಪೇರಿಸಿ ಏದುಸಿರು ಬಿಡುತ್ತಾ ಕೂತಿದ್ದರು. ನೋಡಿ ಕರುಳು ಚುರುಕ್ ಅಂದಿತು. ಅವತ್ತೇ ಸಂದೇಶ ಕಳಿಸುವುದನ್ನು ನಿಲ್ಲಿಸಿದೆ.

ಜೇಡರ ಬಲೆ ಇರಬಹುದು ಅಂತ ಒರೆಸಿದೆ. ಸೆನ್ಸರ್ ಬದಲಿಸಿದೆ. ಅದೇ ಹಾಡು. ಕೊನೆಗೆ ನೀರಿನ ಅಂಕಿ, ತಾಪಮಾನದ ಅಂಕಿ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದೆ. ಜೋಡೆತ್ತಿನ ಹಾಗೆ ಒಟ್ಟಿಗೇ ಏರಿ, ಒಟ್ಟಿಗೇ ಇಳಿಯುತ್ತಿವೆ!

ಎಲ್ಲ ಶಬ್ದದ ವೇಗದ ಕೆಲಸ. ಡಬ್ಬಿ ಕೆಳಕ್ಕೆ ಶಬ್ದ ಬಿಟ್ಟು, ಪ್ರತಿಧ್ವನಿ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಕೋಡ್‌ನಲ್ಲಿ ಸೆಕೆಂಡಿಗೆ 343 ಮೀಟರ್ ಅಂತ ಇತ್ತು. ಅದು 20 ಡಿಗ್ರಿಯ ಲೆಕ್ಕ. 40 ಡಿಗ್ರಿಯಲ್ಲಿ ಸುಮಾರು 355 ಆಗುತ್ತದೆ. ಪ್ರತಿಧ್ವನಿ ಬೇಗ ಬರುತ್ತದೆ, ನೀರು ಹತ್ತಿರ ಬಂತು ಅಂತ ಲೆಕ್ಕವಾಗುತ್ತದೆ. ಡಬ್ಬಿಯಿಂದ ತಳಕ್ಕೆ 2 ಮೀಟರ್. ತಪ್ಪು ಹೆಚ್ಚುಕಮ್ಮಿ ಅದೇ 7 ಸೆಂಟಿಮೀಟರ್.

ತಾಪಮಾನ ಸೇರಿಸಿ ಲೆಕ್ಕ ತಿದ್ದಿದೆ. ಈಗ ನೀರು ಮೋರಿಯ ತಳಕ್ಕಿಂತ 6 ಸೆಂಟಿಮೀಟರ್ ಕೆಳಗೆ! ಗಾಳಿ 38 ಡಿಗ್ರಿ ಇದ್ದರೂ ಬಿಸಿಲಿಗೆ ಕಾದ ಡಬ್ಬಿಯ ಒಳಗೆ 55. ನಾನು ಅಳೆದದ್ದು ಡಬ್ಬಿಯ ಬಿಸಿ, ಗಾಳಿಯದಲ್ಲ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ನಿಜವಾಗಿ ನೀರು ಏರಿದಾಗ ಡಬ್ಬಿ ತಡವಾಗಿ ಕೂಗುತ್ತದೆ, ಅಲ್ವಾ?

ಹಾಗಾಗಿ ತಾಪಮಾನ ಅಳೆಯುವ ಸೆನ್ಸರ್, ಡಿಎಸ್18ಬಿ20, ಡಬ್ಬಿಯಿಂದ ಹೊರಗೆ ಬಂತು. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಸಂದಿ ಬಿಟ್ಟು ಒಂದರ ಮೇಲೊಂದು ಜೋಡಿಸಿ, ಒಳಗೆ ಅದನ್ನು ನೇತುಹಾಕಿದೆ. ಗಾಳಿ ಆಡುತ್ತದೆ, ಬಿಸಿಲು ಬೀಳುವುದಿಲ್ಲ. ಮಾರುವವರ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ತರಿಸಿದ ಮೂರರಲ್ಲಿ ಒಂದು, ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ 0 ಬದಲು 2.5 ತೋರಿಸಿತು. ಕೇಳಿದರೆ ‘ಎಲ್ಲಾ ಒಂದೇ’ ಅಂದರು. ಅಸಲಿ ಆದರೆ ಅರ್ಧ ಡಿಗ್ರಿಗಿಂತ ಜಾಸ್ತಿ ತಪ್ಪಬಾರದು. ನೀವೂ ಹಾಕುವ ಮೊದಲು ಮಂಜುಗಡ್ಡೆಯಲ್ಲಿ ಅದ್ದಿ ನೋಡಿ.

ತಟ್ಟೆಗಳ ನಡುವೆ ಜಾಗ ಉಳಿದಿದೆ. ಅಲ್ಲಿ ಇನ್ನೊಂದು ಸೆನ್ಸರ್ ಇಟ್ಟು, ಒದ್ದೆ ಹತ್ತಿ ಬಟ್ಟೆ ಸುತ್ತಿ, ಪುಟ್ಟ ಫ್ಯಾನ್ ಹಾಕಬೇಕು ಅಂತಿದ್ದೇನೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಬರೀ ತಾಪಮಾನ ನೋಡಿದರೆ ಅದು ಗೊತ್ತಾಗುವುದಿಲ್ಲ, ಒದ್ದೆ ಬಟ್ಟೆ ಹೇಳುತ್ತದೆ: ಅದೂ ಬೆವರಿನ ಹಾಗೇ, ಆರಿದರೆ ಮಾತ್ರ ತಣ್ಣಗಾಗುತ್ತದೆ. ನೆರೆ ಎಚ್ಚರಿಕೆ ಹೋಗುವ ಮೊಬೈಲಿಗೇ ಸೆಕೆ ಎಚ್ಚರಿಕೆಯೂ ಹೋಗಲಿ.

ಇವತ್ತು ಮಧ್ಯಾಹ್ನ 39 ಡಿಗ್ರಿ. ಡಬ್ಬಿ ಕೆಳಗೆ ಅಗಲದ ಟಬ್ ಇಟ್ಟು, 10 ಸೆಂಟಿಮೀಟರ್ ಬರುವ ತನಕ ನೀರು ಸುರಿದೆವು. ಅಜ್ಜಿ ಸ್ಕೇಲ್ ಹಿಡಿದುಕೊಂಡಿದ್ದರು. ಮೊಬೈಲ್ 9.8 ತೋರಿಸಿತು.