ಪೇಟೆಂಟ್ ಕ್ಲೇಮಿನಲ್ಲಿರುವ ಸಂಖ್ಯೆಯನ್ನು ಎಲ್ಲಿಟ್ಟು ಅಳೆಯುತ್ತೀರಿ?

ಚಿಕಿತ್ಸೆಯ ಸಾಧನವಿರಲಿ, ಕಾರ್ಖಾನೆಯ ಯಂತ್ರವಿರಲಿ, ಸಂಶೋಧಕರಿಂದ ಪೇಟೆಂಟ್ ವಿಭಾಗಕ್ಕೆ ಬರುವ ಮೊದಲ ಟಿಪ್ಪಣಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ಇದು ಏನು ಮಾಡುತ್ತದೆ, ಹಳೆಯದಕ್ಕಿಂತ ಎಷ್ಟು ವಾಸಿ, ಜೊತೆಗೆ ಎರಡು ಫೋಟೋ. ಕ್ಲೇಮು, ಅಂದರೆ ಪೇಟೆಂಟಿನ ಹಕ್ಕು ಎಲ್ಲಿಯವರೆಗೆ ಎಂದು ಹೇಳುವ ವಾಕ್ಯ, ಬರೆಯಲು ಕೂತವರಿಗೆ ಇದು ಸಾಲದು. ನಾಳೆ ಬೇರೆಯವರು ಇದನ್ನೇ ಮಾಡಿ ಮಾರಿದರೆ, ಅವರ ಪೆಟ್ಟಿಗೆ ಬಿಚ್ಚಿ ಯಾವ ಭಾಗ ತೋರಿಸುತ್ತೀರಿ, ಯಾವ ಅಳತೆ ತೆಗೆಯುತ್ತೀರಿ? ಟಿಪ್ಪಣಿಯಲ್ಲಿ ಇರಬೇಕಾದ ಉತ್ತರ ಇದು.

ಗಾಯಕ್ಕೆ ನಿರ್ವಾತ ಕೊಟ್ಟು ವಾಸಿ ಮಾಡುವ ಸಾಧನವನ್ನೇ ತೆಗೆದುಕೊಳ್ಳಿ. ಗಾಯದೊಳಗೆ ರಂಧ್ರಗಳಿರುವ ಪಾಲಿಯುರೆಥೇನ್ ಫೋಮು, ಮೇಲೆ ಗಾಳಿಯಾಡದ ಅಂಟುಹಾಳೆ, ಅಲ್ಲಿಂದ ಕೊಳವೆ, ಸೋರಿದ ದ್ರವಕ್ಕೆ ಕ್ಯಾನಿಸ್ಟರ್, ಕೊನೆಗೆ ಪಂಪು. ಸಾಮಾನ್ಯವಾಗಿ ಬಳಸುವ ಸೆಟ್ಟಿಂಗ್, ವಾತಾವರಣದ ಒತ್ತಡಕ್ಕಿಂತ 125 ಎಂಎಂ ಪಾದರಸದಷ್ಟು ಕಡಿಮೆ. ಕರಡಿನಲ್ಲಿ ಬರೀ "125 ಎಂಎಂ ಒತ್ತಡ" ಎಂದು ಬರೆದರೆ ಮೊದಲ ತೊಡಕು ಅಲ್ಲೇ: ಅದನ್ನು ಪೂರ್ಣ ಒತ್ತಡವೆಂದು ಓದಿದರೆ ವಾತಾವರಣಕ್ಕಿಂತ 635 ಎಂಎಂ ಕಡಿಮೆ ಎಂದಾಗುತ್ತದೆ. ಅದು ಬೇರೆಯೇ ಯಂತ್ರ.

ಅದಕ್ಕಿಂತ ದೊಡ್ಡ ತೊಡಕು, ಅಳೆಯುವ ಜಾಗ. ಒಂದು ಮೀಟರ್ ಎತ್ತರದ ನೀರಿನ ಕಂಬ ಸುಮಾರು 73.5 ಎಂಎಂ ಪಾದರಸಕ್ಕೆ ಸಮ. ಕ್ಯಾನಿಸ್ಟರ್ ಗಾಯಕ್ಕಿಂತ 50 ಸೆಂ.ಮೀ. ಮೇಲಿದ್ದು, ಕೊಳವೆ ತುಂಬ ದ್ರವ ನಿಂತಿದ್ದರೆ ಸುಮಾರು 37 ಎಂಎಂ ಅಲ್ಲೇ ಖರ್ಚಾಯಿತು. ಪಂಪಿನ ಪರದೆಯಲ್ಲಿ 125, ಗಾಯದಲ್ಲಿ 88. ಕ್ಯಾನಿಸ್ಟರ್ ಅಷ್ಟೇ ಕೆಳಗಿದ್ದರೆ ಗಾಯದಲ್ಲಿ 162. ಕ್ಲೇಮಿನಲ್ಲಿ 100ರಿಂದ 150 ಎಂದಿದ್ದು ಎಲ್ಲಿ ಎನ್ನುವುದನ್ನು ಹೇಳದಿದ್ದರೆ, ಎದುರಾಳಿ ತನಗೆ ಅನುಕೂಲವಾದ ಕಡೆ ಗೇಜು ಇಟ್ಟು ತೋರಿಸುತ್ತಾನೆ. "ಅಂಟುಹಾಳೆಯ ಕೆಳಗೆ, ಫೋಮಿನೊಳಗೆ ಅಳೆದಾಗ" ಎಂಬಷ್ಟು ಮಾತು ವಿವರಣೆಯಲ್ಲಿ ಇರಲೇಬೇಕು. ಪಂಪು ಬಿಟ್ಟು ಬಿಟ್ಟು ಎಳೆಯುವುದಾದರೆ ಅದು ಗರಿಷ್ಠವೋ ಸರಾಸರಿಯೋ, ಎಷ್ಟು ಸೆಕೆಂಡಿನ ಸರಾಸರಿ ಎಂಬುದೂ ಬೇಕು. ಸೆನ್ಸರ್ ಎಲ್ಲಿ ಕೂತಿದೆ ಎಂಬುದನ್ನು ಚಿತ್ರದಲ್ಲಿ ಗುರುತಿಸಿ ಅಂಕಿ ಕೊಡಿ.

ವ್ಯಾಪ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದಿಡಿ: ಉದಾಹರಣೆಗೆ 50ರಿಂದ 200, ಅದರೊಳಗೆ 75ರಿಂದ 150, ಅದರೊಳಗೆ 100ರಿಂದ 130. ಅಗಲವಾದದ್ದು ಹಳೆಯ ದಾಖಲೆಗೆ (ಅರ್ಜಿಗೆ ಮೊದಲೇ ಬಹಿರಂಗವಾದ ಪೇಟೆಂಟ್, ಲೇಖನ, ಪ್ರದರ್ಶನ) ತಾಗಿದರೆ ಒಳಗಿನದಕ್ಕೆ ಸರಿಯಬಹುದು. ಮೊದಲೇ ಬರೆಯದ ಒಳವ್ಯಾಪ್ತಿಯನ್ನು ಆಮೇಲೆ ತುರುಕಲು ಹೋದರೆ, ಅದರಲ್ಲೂ ಯುರೋಪಿನ ಪೇಟೆಂಟ್ ಕಚೇರಿಯಲ್ಲಿ, ಹೊಸ ವಿಷಯ ಸೇರಿಸಿದ್ದೀರಿ ಎಂಬ ಆಕ್ಷೇಪ ಗ್ಯಾರಂಟಿ. ಎರಡೂ ತುದಿಗಳ ಹತ್ತಿರ ಒಂದೊಂದು ಪ್ರಯೋಗದ ಫಲಿತಾಂಶವೂ ಇರಲಿ. ನಡುವಿನ ಒಂದೇ ಬಿಂದುವಿನ ಡೇಟಾ ಇಟ್ಟುಕೊಂಡು ಇಡೀ ಹರಹು ಕೇಳಿದರೆ ಪರೀಕ್ಷಕರು ಒಪ್ಪುವುದು ಕಷ್ಟ.

ಕಾರ್ಖಾನೆ ಕಡೆಯ ಅರ್ಜಿಗಳಲ್ಲೂ ಇದೇ ಕಥೆ. ಅಮೆರಿಕದಲ್ಲಿ 2004ರಲ್ಲಿ ತೀರ್ಮಾನವಾದ ಶೆಫ್ ಅಮೆರಿಕ ಪ್ರಕರಣದ ಕ್ಲೇಮು, ಹಿಟ್ಟನ್ನು 400ರಿಂದ 850 ಡಿಗ್ರಿ ಫ್ಯಾರನ್‌ಹೀಟ್ ತಾಪಕ್ಕೆ ಕಾಯಿಸಬೇಕು ಎನ್ನುತ್ತಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಒಲೆಯ ತಾಪ. ನ್ಯಾಯಾಲಯ ಬರೆದದ್ದನ್ನು ಬರೆದ ಹಾಗೇ ಓದಿತು: ಅಷ್ಟಕ್ಕೆ ಏರಬೇಕಾದದ್ದು ಹಿಟ್ಟೇ. ಹಾಗೆ ಮಾಡಿದರೆ ಸಿಗುವುದು ಇದ್ದಿಲು. ಹಾಗಾಗಿ ಎದುರಾಳಿ ಉಲ್ಲಂಘಿಸಲಿಲ್ಲ ಎಂದಾಯಿತು. ಕುಲುಮೆ, ಡ್ರೈಯರ್, ಎಕ್ಸ್‌ಟ್ರೂಡರ್ ಯಾವುದೇ ಇರಲಿ, ತಾಪ ಅಳೆಯುವ ಥರ್ಮೋಕಪಲ್ ಗೋಡೆಯಲ್ಲಿದೆಯೋ, ಗಾಳಿಯಲ್ಲಿದೆಯೋ, ಸರಕಿನಲ್ಲಿದೆಯೋ ಎಂದು ಪ್ಲಾಂಟ್ ಎಂಜಿನಿಯರನ್ನು ಕೇಳದೆ ತಾಪದ ಸಾಲು ಬರೆಯಬಾರದು.

ಪರೀಕ್ಷಕರ ಆಕ್ಷೇಪಕ್ಕೆ ಉತ್ತರಿಸುವಾಗ ಅವಸರದಲ್ಲಿ ಸೇರಿಸುವ ಮಿತಿಗಳದ್ದು ಇನ್ನೊಂದು ತಲೆನೋವು. ವಾರ್ನರ್-ಜೆಂಕಿನ್ಸನ್ ಪ್ರಕರಣದಲ್ಲಿ (1997) ಬಣ್ಣ ಶುದ್ಧೀಕರಣದ ಕ್ಲೇಮಿಗೆ ಪಿಎಚ್ ಸುಮಾರು 6.0ರಿಂದ 9.0 ಎಂದು ಸೇರಿಸಿದ್ದರು. ಹಳೆಯ ಪೇಟೆಂಟೊಂದು 9ಕ್ಕಿಂತ ಮೇಲೆ ಕೆಲಸ ಮಾಡುತ್ತಿದ್ದರಿಂದ 9.0ಕ್ಕೆ ಕಾರಣವಿತ್ತು. 6.0 ಯಾಕೆ ಬಂತು ಎನ್ನುವುದಕ್ಕೆ ದಾಖಲೆಯಲ್ಲಿ ಉತ್ತರವಿರಲಿಲ್ಲ. ಎದುರಾಳಿ ಪಿಎಚ್ 5ರಲ್ಲಿ ನಡೆಸುತ್ತಿದ್ದ. ಕಾರಣ ಹೇಳದೆ ಸೇರಿಸಿದ ಮಿತಿ ಪೇಟೆಂಟ್ ಪಡೆಯಲೆಂದೇ ಸೇರಿಸಿದ್ದು ಎಂದು ಭಾವಿಸಬೇಕಾಗುತ್ತದೆ ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್. ಹಾಗೆ ಬಿಟ್ಟುಕೊಟ್ಟದ್ದನ್ನು, ಎದುರಾಳಿಯದೂ ಹೆಚ್ಚುಕಮ್ಮಿ ಅದೇ ಎಂದು ವಾದಿಸಿ ಮರಳಿ ಪಡೆಯುವುದು ಕಷ್ಟ. ಫೆಸ್ಟೊ ಪ್ರಕರಣದ (2002) ವಸ್ತು ಕಾಂತದಿಂದ ನಡೆಯುವ ರಾಡಿಲ್ಲದ ಸಿಲಿಂಡರ್. ತಿದ್ದುಪಡಿಯಲ್ಲಿ ಒಂದು ಜೋಡಿ ಸೀಲು ಉಂಗುರ, ಕಾಂತೀಯ ವಸ್ತುವಿನ ತೋಳು ಎಂದು ಸೇರಿಕೊಂಡಿತು. ಎದುರಾಳಿಯ ಸಿಲಿಂಡರಿನಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಒಂದೇ ಸೀಲು, ಅಲ್ಯುಮಿನಿಯಂ ತೋಳು. ವರ್ಷಗಟ್ಟಲೆ ವ್ಯಾಜ್ಯ ನಡೆದು ಕೊನೆಗೆ ಪೇಟೆಂಟ್ ಇದ್ದವರಿಗೆ ಏನೂ ದಕ್ಕಲಿಲ್ಲ. ಆದ್ದರಿಂದ ತಿದ್ದುಪಡಿಯ ಪ್ರತಿ ಪದಕ್ಕೂ ಯಾವ ದಾಖಲೆಯ ಯಾವ ಭಾಗದಿಂದ ತಪ್ಪಿಸಿಕೊಳ್ಳಲು ಇದು ಬೇಕು ಎಂದು ಕೇಳಿ. ಉತ್ತರವಿಲ್ಲದ ಪದವನ್ನು ಕಿತ್ತುಹಾಕಿ.

ಚಿಕಿತ್ಸೆಗೆ ಮಾತ್ರ ಸಂಬಂಧಿಸಿದ ತೊಡಕೊಂದಿದೆ. ಚಿಕಿತ್ಸೆಯ ವಿಧಾನಕ್ಕೆ ಪೇಟೆಂಟ್ ಕೊಡದಿರಲು ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿಯ ಒಪ್ಪಂದವಾದ ಟ್ರಿಪ್ಸ್ ದೇಶಗಳಿಗೆ ಅವಕಾಶ ಕೊಟ್ಟಿದೆ. ಭಾರತದಲ್ಲಿ ಪೇಟೆಂಟ್ ಕಾಯ್ದೆಯ 3(ಐ) ಕಲಮು, ಯುರೋಪಿನಲ್ಲಿ ಪೇಟೆಂಟ್ ಒಪ್ಪಂದದ 53(ಸಿ) ವಿಧಿ ಅದನ್ನು ತಡೆಯುತ್ತವೆ. ಅಮೆರಿಕದಲ್ಲಿ ಸಿಗುತ್ತದೆ, ಆದರೆ 1996ರ ತಿದ್ದುಪಡಿಯಿಂದಾಗಿ ಬರೀ ಶಸ್ತ್ರಕ್ರಿಯೆಯ ವಿಧಾನವನ್ನಷ್ಟೇ ಬಳಸಿದ ವೈದ್ಯರ ಮೇಲೆ ಪರಿಹಾರ ಕೇಳಲು ಬಹುತೇಕ ಆಗುವುದಿಲ್ಲ. ಹೀಗಾಗಿ "ಗಾಯಕ್ಕೆ ಫೋಮು ತುಂಬಿ, ಹಾಳೆ ಅಂಟಿಸಿ, ಪಂಪು ಚಾಲೂ ಮಾಡುವ ವಿಧಾನ" ಒಂದನ್ನೇ ನಂಬಿ ಕೂರಬಾರದು. ಅದೇ ಆವಿಷ್ಕಾರವನ್ನು ಸಾಧನವಾಗಿ, ಮುಚ್ಚಿದ ಪೊಟ್ಟಣದಲ್ಲಿ ಮಾರುವ ಕಿಟ್ ಆಗಿ, ಪಂಪಿನೊಳಗಿನ ನಿಯಂತ್ರಣ ಘಟಕವಾಗಿ ಬರೆಯಿರಿ. ಔಷಧಿಯಾದರೆ ಯುರೋಪಿಗೆ "ಈ ರೋಗದಲ್ಲಿ ಬಳಸಲು ಈ ಪದಾರ್ಥ" ಎಂಬ ರೂಪವೂ ಇದೆ. ವಿಧಾನದ ಕ್ಲೇಮಿಗೆ ಇನ್ನೊಂದು ಬಲಹೀನತೆ: ಫೋಮು ಕತ್ತರಿಸುವವರು ನರ್ಸು, ಒತ್ತಡ ನಿಗದಿ ಮಾಡುವವರು ವೈದ್ಯರು, ಬಟನ್ ಒತ್ತುವವರು ಮನೆಯಲ್ಲಿರುವ ರೋಗಿ. ಎಲ್ಲ ಹೆಜ್ಜೆಯನ್ನೂ ಒಬ್ಬರೇ ಮಾಡಲಿಲ್ಲವೆಂದರೆ ಯಾರ ಮೇಲೆ ದಾವೆ ಹೂಡುವುದು? ಗಿರಾಕಿಗಳ ಮೇಲೆ ಹೂಡಲು ಯಾವ ಕಂಪನಿಗೂ ಮನಸ್ಸಿರುವುದಿಲ್ಲ, ಅದು ಬೇರೆ ಮಾತು.

ಯಂತ್ರಗಳಲ್ಲಿ ಈ ತೊಡಕಿಗೆ ಸಮನಾದದ್ದು ಸವೆಯುವ ಭಾಗದ್ದು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಮಾನಿಸಿದ ಶುಟ್ಜ್ ಮತ್ತು ವೆರಿಟ್ ಪ್ರಕರಣದ ವಸ್ತು, ದ್ರವ ಸಾಗಿಸುವ ದೊಡ್ಡ ಡಬ್ಬಿ: ಹೊರಗೆ ಲೋಹದ ಪಂಜರ, ಒಳಗೆ ಪ್ಲಾಸ್ಟಿಕ್ ಬಾಟಲಿ. ಬಾಟಲಿ ಬೇಗ ಕೆಡುತ್ತದೆ, ಪಂಜರ ಬಹುಕಾಲ ಬಾಳುತ್ತದೆ. ಹಳೆಯ ಪಂಜರಕ್ಕೆ ಬೇರೆ ಕಂಪನಿಯ ಬಾಟಲಿ ಕೂರಿಸಿದ್ದು ಪೇಟೆಂಟ್ ಆದ ವಸ್ತುವನ್ನು ಹೊಸದಾಗಿ ತಯಾರಿಸಿದಂತೆ ಅಲ್ಲ ಎಂದಿತು ಕೋರ್ಟ್, ಆವಿಷ್ಕಾರವಿದ್ದದ್ದು ಪಂಜರದಲ್ಲಿ. ನಿಮ್ಮ ಲಾಭ ಬಿಡಿಭಾಗದಲ್ಲಿದ್ದರೆ, ಆ ಬಿಡಿಭಾಗದಲ್ಲೇ ಹೊಸತನ ಇರಬೇಕು, ಅದಕ್ಕೇ ಬೇರೆ ಸ್ವತಂತ್ರ ಕ್ಲೇಮು ಇರಬೇಕು. ನಳಿಕೆಯ ತುದಿ, ಸ್ಕ್ರೂವಿನ ತುಂಡು, ಕ್ಯಾನಿಸ್ಟರಿನ ಮುಚ್ಚಳ, ಇವುಗಳ ಕಡೆಗೆ ಮೊದಲು ನೋಡಿ.

ಹಳೆಯ ದಾಖಲೆಗಳ ಹುಡುಕಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೀರುವ ವೈದ್ಯಕೀಯ ಸಾಧನಗಳಿಗೆ ಎ61ಎಂ 1/00, ಡ್ರೆಸ್ಸಿಂಗಿಗೆ ಎ61ಎಫ್ 13/00, ವಿದ್ಯುತ್ ಚಿಕಿತ್ಸೆಗೆ ಎ61ಎನ್, ಗಾಳಿ ಮತ್ತು ದ್ರವದ ಸಿಲಿಂಡರುಗಳಿಗೆ ಎಫ್15ಬಿ, ಇವು ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದ ವರ್ಗಗಳು. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರವೇ ಪ್ರಕಟವಾಗುವುದರಿಂದ, ಇವತ್ತಿನ ಹುಡುಕಾಟಕ್ಕೆ ಕಳೆದ ಒಂದೂವರೆ ವರ್ಷದ ಬಹುಪಾಲು ಅರ್ಜಿಗಳು ಕಾಣುವುದಿಲ್ಲ.

ಇನ್ನು ತೋರಿಸುವ ವಿಷಯ. ಆಸ್ಪತ್ರೆಯಲ್ಲಿ ಪ್ರಾತ್ಯಕ್ಷಿಕೆ, ಗಿರಾಕಿಯ ಪ್ಲಾಂಟಿನಲ್ಲಿ ಟ್ರಯಲ್, ಇವುಗಳ ಮೊದಲೇ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಬೀಳಬೇಕು; ಸಮ್ಮೇಳನದ ಪೋಸ್ಟರಿಗೆ ಮೊದಲು ಅರ್ಜಿಯನ್ನೇ ಹಾಕಿರಬೇಕು. ಅಮೆರಿಕದಲ್ಲಿ ಮಾರಾಟದ ಲೆಕ್ಕ ಇನ್ನೂ ಬಿಗಿ: 2019ರ ಹೆಲ್ಸಿನ್ ತೀರ್ಪಿನ ಪ್ರಕಾರ ಗುಟ್ಟಾಗಿ ಮಾಡಿಕೊಂಡ ಮಾರಾಟದ ಒಪ್ಪಂದವೂ ಮಾರಾಟವೇ. ಮಾರಾಟದ ನಂತರ ಅರ್ಜಿ ಹಾಕಲು ಅಲ್ಲಿರುವ ಒಂದು ವರ್ಷದ ವಿನಾಯಿತಿಯ ಗಡಿಯಾರ ಆ ಒಪ್ಪಂದದಿಂದಲೇ ಶುರು.

ಮೊದಲ ಅರ್ಜಿ ಹಾಕಿ ಆಯಿತಲ್ಲ, ಇನ್ನು ಧಾರಾಳವಾಗಿ ತೋರಿಸಬಹುದು ಎಂಬ ಧೈರ್ಯವೂ ಪೂರ್ತಿ ಸರಿಯಲ್ಲ. ಮೊದಲ ಅರ್ಜಿಯಲ್ಲಿ ಬರೀ ಫೋಮು ಇದೆ ಅನ್ನಿ. ನಾಲ್ಕನೇ ತಿಂಗಳಲ್ಲಿ ಗಾಜ್ ಬಟ್ಟೆ ಹಾಕಿ ಸಾರ್ವಜನಿಕವಾಗಿ ತೋರಿಸಿದಿರಿ. ಮೊದಲ ಅರ್ಜಿಯ ದಿನಾಂಕವನ್ನೇ ಕೋರಿ ಹನ್ನೆರಡನೇ ತಿಂಗಳಲ್ಲಿ ಹಾಕಿದ ಅರ್ಜಿಯಲ್ಲಿ "ರಂಧ್ರಗಳಿರುವ ಯಾವುದೇ ವಸ್ತು" ಎಂದು ಕೇಳಿದಿರಿ. ಆ ಅಗಲವಾದ ಕ್ಲೇಮಿನಲ್ಲಿ ಫೋಮು ಬಿಟ್ಟು ಉಳಿದದ್ದಕ್ಕೆ ಮೊದಲ ಅರ್ಜಿಯ ದಿನಾಂಕ ಸಿಗುವುದಿಲ್ಲ, ಹಾಗಾಗಿ ಯುರೋಪಿನಲ್ಲಿ ನಿಮ್ಮ ಗಾಜ್ ಪ್ರದರ್ಶನವೇ ನಿಮ್ಮ ವಿರುದ್ಧದ ಹಳೆಯ ದಾಖಲೆ. ಹೊಸ ವಸ್ತು ಹಾಕಿ ತೋರಿಸುವ ಹಿಂದಿನ ದಿನ ಒಂದು ಪುಟದ ಹೆಚ್ಚುವರಿ ಅರ್ಜಿ ಸಲ್ಲಿಸಿ, ಮೊದಲ ಅರ್ಜಿಯಿಂದ ಹನ್ನೆರಡು ತಿಂಗಳೊಳಗೆ ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಬಹುದು.